ನನ್ನನ್ನು ಕೂಗಿಸಿದ ದುರ್ಬೀನು

ಮೊನ್ನೆ ಬಾಲ್ಕನಿಯಲ್ಲಿ ಹಪ್ಪಳ ಒಣಹಾಕಿ, ಎದುರು ಮನೆಯ ಹೆಂಚಿನ ಮೇಲೆ ಕುಳಿತಿದ್ದ ಕಾಗೆಯನ್ನು ದುರ್ಬೀನಿನಲ್ಲಿ ನೋಡುತ್ತಿದ್ದೆ. ಅದು ಇದ್ದಕ್ಕಿದ್ದಂತೆ ನೇರವಾಗಿ ನನ್ನ ಕಣ್ಣಿನೊಳಕ್ಕೇ ಹಾರಿ ಬಂದಂತಾಯಿತು. "ಹೋಓಓಯ್!" ಎಂದು ಕೂಗಿಬಿಟ್ಟೆ. ಕಾಗೆ ಹಾರಿಹೋಯಿತು. ಕೆಳಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸು ಬ್ರೇಕು ಹಾಕಿ ನಿಂತಳು. ನೀವಿಬ್ಬರೂ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಿಮ್ಮಲ್ಲಿ ದೊಡ್ಡವಳು "ಅಜ್ಜೀ, ಪೈನ್‌ಲಿಶ್!" ಅಂದಳು. ಮಾನ ಹೋಯಿತು ಅನ್ನುವುದಕ್ಕೆ ಈ ದೇಶದ ಮಕ್ಕಳ ಮಾತು ಅದು. ನಿಮ್ಮ ಅಮ್ಮನೂ ಎಂಟು ವರ್ಷದವಳಿದ್ದಾಗ, ಇದೇ ದುರ್ಬೀನನ್ನು ಕೊಳ್ಳಲು ಹೋದ ಅಂಗಡಿಯಲ್ಲಿ, ನನಗೆ ಇದೇ ಮಾತು ಅಂದಿದ್ದಳು.

ನಕ್ಕು ಮುಗಿದ ಮೇಲೆ ಚಿಕ್ಕವನು ಕೇಳಿದ: "ಸೊಳ್ಳೆ ಹೊಡೆಯೋಕೂ ಅಯ್ಯೋ ಪಾಪ ಅಂತೀಯ. ನಿನ್ನ ಹತ್ರ ಬೇಟೆಯವರ ದುರ್ಬೀನು ಯಾಕಿದೆ?"

ಬಾಯಲ್ಲಿ ಹೇಳಲು ಹೋದರೆ ನೀವು ಅರ್ಧಕ್ಕೇ ಎದ್ದು ಹೋಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿಸಿದ ಕನ್ನಡದಲ್ಲೇ ಬರೆದಿದ್ದೇನೆ, ಓದಿಕೊಳ್ಳಿ. ಎಲ್ಲಾದರೂ ತಿಳಿಯದಿದ್ದರೆ ಅಮ್ಮನನ್ನು ಕೇಳಿ. ಆದರೆ ಅವಳ ಮಾತು ಬರುವ ಕಡೆ ಅವಳು ಹಾರಿಸಿ ಓದುತ್ತಾಳೆ, ನೋಡಿಕೊಳ್ಳಿ.

ಕಂಪ್ಯೂಟರ್ ಕೆಲಸದವರನ್ನು ಈ ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆಯುತ್ತಿದ್ದ ಕಾಲ ಅದು. ನಿಮ್ಮ ಅಜ್ಜ ಮೈಸೂರಿನ ಕೆಲಸ ಬಿಟ್ಟು ನ್ಯೂರೆಂಬರ್ಗ್‌ಗೆ ಬಂದರು. ಆರು ತಿಂಗಳಾದ ಮೇಲೆ ನಾನೂ ನಿಮ್ಮ ಅಮ್ಮನೂ ಬಂದೆವು. ನಮಗೆ ಸಿಕ್ಕಿದ್ದು ಮೂರು ಅಂತಸ್ತಿನ ಹಳೆಯ ಮನೆಯ ನಡುವಿನ ಅಂತಸ್ತು. ಮೇಲೆ, ಚಾವಣಿಯ ಕೆಳಗಿನ ಇಳಿಜಾರು ಕೋಣೆಯಲ್ಲಿ, ಅಜ್ಜನ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಮಂಗಳೂರಿನ ಕ್ರಿಶ್ಚಿಯನ್ ಹುಡುಗ. ಕೆಳಗೆ ಮನೆಯ ಯಜಮಾನರು.

ಯಜಮಾನರಿಗೆ ಎಪ್ಪತ್ತು ದಾಟಿತ್ತು. ಎತ್ತರದ ಆಳು. ಮುಖದಲ್ಲಿ ನಗು ಇರಲಿಲ್ಲ. ಮೆಟ್ಟಿಲಿನ ಗೋಡೆಯುದ್ದಕ್ಕೂ ಅವರು ಹೊಡೆದ ಜಿಂಕೆಗಳ ಕೋಡು ಸಾಲಾಗಿ ನೇತುಹಾಕಿದ್ದರು. ಅವುಗಳ ಕೆಳಗೇ ಹೌಸ್‌ಓರ್ಡ್‌ನುಂಗ್ ಎಂಬ ಮನೆಯ ನಿಯಮದ ಹಾಳೆ. ಕಸ ಹೇಗೆ ಬೇರ್ಪಡಿಸಬೇಕು, ಮೆಟ್ಟಿಲು ಯಾರು ಯಾವಾಗ ಒರೆಸಬೇಕು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ಕೂಡದು. ಆ ಕೋಡುಗಳನ್ನೂ ಆ ಹಾಳೆಯನ್ನೂ ಒಟ್ಟಿಗೆ ನೋಡಿದಾಗಲೆಲ್ಲ, ನಿಯಮ ಮುರಿದ ಬಾಡಿಗೆದಾರರೇ ಗೋಡೆ ಮೇಲಿದ್ದಾರೇನೋ ಅನ್ನಿಸುತ್ತಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದೆ.

ಒಂದು ದಿನ ಅಜ್ಜ ಜ್ವರವೆಂದು ಮನೆಯಲ್ಲಿದ್ದರು. ಸಾರಿಗೆ ಬೇಕೆಂದು ಎರಡು ಗಂಟೆಗೆ ಮಿಕ್ಸಿಯಲ್ಲಿ ಕಾಯಿ ರುಬ್ಬಿದೆ. ಅರ್ಧ ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ಯಜಮಾನರು! ನಾನು ಬಾಗಿಲ ಹಿಂದೆ ಸರಿದೆ. ಅಜ್ಜ ಶಾಲು ಹೊದ್ದುಕೊಂಡೇ ಹೋಗಿ ಕ್ಷಮೆ ಕೇಳಿದರು. ಆಮೇಲೆ ಅವರನ್ನು ಸಮಾಧಾನ ಮಾಡಲು ಜರ್ಮನ್‌ನಲ್ಲಿ ಏನೇನೋ ಹೇಳುತ್ತ, ಗೋಡೆಯ ಕೋಡು ತೋರಿಸಿ ಹೊಗಳಿದರು. ಕೊನೆಗೆ ನನ್ನತ್ತ ಬೆರಳು ಮಾಡಿ ಮತ್ತೇನೋ ಅಂದರು. ಯಜಮಾನರು ಬಾಗಿಲ ಸಂದಿಯಲ್ಲಿ ನನ್ನನ್ನು ಮೊದಲನೇ ಸಲ ಸರಿಯಾಗಿ ನೋಡಿದರು. "ಹೋಖ್‌ಜಿಟ್ಸ್?" ಎಂದು ಕೇಳಿದರು. ನಾನು ತಲೆ ಆಡಿಸಿದೆ. ಯಾವುದಕ್ಕೂ ತಲೆ ಆಡಿಸುವುದೇ ಆಗ ನನ್ನ ಜರ್ಮನ್.

ಅವರು ಹೋದ ಮೇಲೆ ಕೇಳಿದೆ. "ಏನಂದ್ರಿ ನನ್ನ ಬಗ್ಗೆ?"

"ನಿಜಾನೇ ಅಂದೆ ಕಣೇ. ಇವಳು ಚಿಕ್ಕವಳಿದ್ದಾಗ ಕಾಡಂಚಲ್ಲಿ ಅಟ್ಟಣೆ ಮೇಲೆ ಕೂತು ಕಾಡುಹಂದಿ ಕಾಯ್ತಿದ್ಲು ಅಂತ. ಅಟ್ಟಣೆಗೆ ಇವರು ಹೋಖ್‌ಜಿಟ್ಸ್ ಅಂತಾರೆ."

"ಓಡಿಸೋಕೆ ಕೂತಿದ್ದೆ ಅಂತ ಹೇಳಿದ್ರಾ?"

"ಅದು ಡೀಟೇಲು. ಮುಂದೆ ಯಾವಾಗಾದ್ರೂ ಹೇಳಿದ್ರಾಯ್ತು."

ಆ ಡೀಟೇಲನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮೂರು ಗುಂಡ್ಲುಪೇಟೆ ಕಡೆ, ಕಾಡಿಗೆ ತಾಗಿಕೊಂಡು. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳ ಹಿಂಡು ಬರುತ್ತಿತ್ತು. ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣೆ. ಅಪ್ಪನ ಜೊತೆ ಅದರ ಮೇಲೆ ಕೂತಿರುತ್ತಿದ್ದೆ. ಕೈಯಲ್ಲಿ ಸೀಮೆಎಣ್ಣೆಯ ಹಳೇ ಡಬ್ಬ, ಒಂದು ಕೋಲು. ಕಪ್ಪಗೆ ಏನಾದರೂ ಅಲ್ಲಾಡಿದರೆ ಸಾಕು, ಡಬ್ಬ ಬಡಿದು ಹೊಟ್ಟೆಯಾಳದಿಂದ ಕೂಗಬೇಕು. ಶಾಲೆಯಲ್ಲಿ ಪಾಠ ಒಪ್ಪಿಸು ಅಂದರೆ ಸ್ವರವೇ ಹೊರಡದ ನಾನು, ಅಟ್ಟಣೆ ಮೇಲೆ ಊರಿಗೇ ಕೇಳುವಂತೆ ಕೂಗುತ್ತಿದ್ದೆ. ಹಂದಿ ನಮ್ಮ ಹೊಲ ಬಿಟ್ಟು ಪಕ್ಕದ ಹೊಲಕ್ಕೆ ಹೋದರೆ ನಮ್ಮ ಕೆಲಸ ಮುಗಿಯಿತು. ಪಕ್ಕದವರು ಕೂಗಿ ಅದನ್ನು ಮತ್ತೆ ನಮಗೇ ಕಳಿಸುತ್ತಿದ್ದರು. ಹೀಗೆ ರಾತ್ರಿಯೆಲ್ಲ ಹಂದಿಗಳಿಗೆ ನಡಿಗೆ, ನಮಗೆ ಕೂಗು. ಒಂದನ್ನಾದರೂ ಯಾರೂ ಕೊಂದಿದ್ದಿಲ್ಲ.

ಆ ಭಾನುವಾರ ಯಜಮಾನರು ಕೋಟು ಹಾಕಿಕೊಂಡು, ಕೈಯಲ್ಲಿ ಸೇಬಿನ ಕೇಕು ಹಿಡಿದು ನಮ್ಮ ಬಾಗಿಲಿಗೆ ಬಂದರು. ಮಿಕ್ಸಿ ಶೆಲ್ಫಿನಲ್ಲೇ ಇದೆಯೋ ಎಂದು ನಾನು ತಿರುಗಿ ನೋಡಿದೆ. ಅವರು ಕೂತರು, ಉಪ್ಪಿಟ್ಟು ತಿಂದರು, ಆಮೇಲೆ ಮಾತಾಡಿದರು. ಅಜ್ಜ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು.

ಅವರ ಹೆಂಡತಿ ತೀರಿಕೊಂಡು ಎರಡು ಚಳಿಗಾಲವಾಗಿತ್ತು. ಅಂದಿನಿಂದ ಅವರು ಕಾಡಿಗೆ ಹೋಗಿರಲಿಲ್ಲ. ಒಂದು ಗಂಟೆ ದಾರಿಯ ಕಾಡಿನಲ್ಲಿ ಅವರ ಬೇಟೆಯ ಬಳಗವಿದೆ. ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಟ್ಟಣೆ. ಈ ಅಕ್ಟೋಬರಿನಲ್ಲೂ ಬಾರದಿದ್ದರೆ ನಿಮ್ಮ ಅಟ್ಟಣೆಯನ್ನು ಹಲ್ಲಿನ ಡಾಕ್ಟರೊಬ್ಬರಿಗೆ ಕೊಟ್ಟುಬಿಡುತ್ತೇವೆ ಎಂದು ಬಳಗದ ಮುಖ್ಯಸ್ಥ ಹೇಳಿದ್ದ. ಆ ಅಟ್ಟಣೆಯನ್ನು ಕಟ್ಟಿದ್ದು ಇವರು ಮತ್ತು ಇವರ ಹೆಂಡತಿ. ಹಲಗೆಗೆ ಮೊಳೆ ಹೊಡೆದದ್ದು ಆಕೆ.

"ಹೋಗಬಹುದಲ್ಲ, ಕೋವಿ ಇದೆಯಲ್ಲ ಅಂದೆ," ಎಂದರು ಅಜ್ಜ ನನಗೆ. "ಗುರಿ ನಂದು, ನೋಟ ಅವಳದು ಅಂತಾರೆ."

ಯಾವ ಜಿಂಕೆ ಬಂದರೂ ಹೊಡೆಯುವ ಹಾಗಿಲ್ಲವಂತೆ. ಇಲ್ಲಿನ ದೊಡ್ಡ ಕೆಂಪು ಜಿಂಕೆ ನಮ್ಮ ಕಡವೆಯಷ್ಟಿರುತ್ತದೆ. ಅದರ ಕೋಡಿನ ಕವಲು ಎಣಿಸಬೇಕು. ಆ ವರ್ಷ ಹೊಡೆಯಬಹುದು ಎಂದು ಬಳಗ ಗೊತ್ತು ಮಾಡಿದ ಲೆಕ್ಕಕ್ಕೆ ಸರಿಹೊಂದಿದರೆ ಮಾತ್ರ ಗುಂಡು. ತಪ್ಪು ಜಿಂಕೆ ಬಿದ್ದರೆ ಬಳಗದ ಎದುರು ತಲೆ ಎತ್ತುವ ಹಾಗಿಲ್ಲ. ಅವು ಹೊರಬರುವುದೋ ಕತ್ತಲಾಗುವ ಹೊತ್ತಿಗೆ. ಹೆಂಡತಿ ಪಕ್ಕದಲ್ಲಿ ಕೂತು ದುರ್ಬೀನಿನಲ್ಲಿ ಎಣಿಸುತ್ತಿದ್ದಳು. ಹೊಡೆಯಬಹುದಾದರೆ ಇವರ ಮೊಣಕಾಲನ್ನು ಒಂದು ಸಲ ತಟ್ಟುವುದು. ಬೇಡವಾದರೆ ಮೊಣಕಾಲನ್ನು ಒತ್ತಿ ಹಿಡಿಯುವುದು. ಅಷ್ಟು ವರ್ಷದಲ್ಲಿ ಆಕೆಯ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

"ಆ ದುರ್ಬೀನು ಎಲ್ಲಿ ಅಂತ ಕೇಳಿ," ಎಂದೆ.

ಅಜ್ಜ ಕೇಳಿದರು. ಉತ್ತರವನ್ನು ಕನ್ನಡಕ್ಕೆ ತಂದರು. "ಅವಳ ಜೊತೆಯಲ್ಲೇ ಹೂಳೋ ಪೆಟ್ಟಿಗೆಯಲ್ಲಿ ಇಟ್ಟುಬಿಟ್ರಂತೆ. ಅಲ್ಲಿ ಅವಳಿಗೆ ನೋಡೋಕೆ ಏನಾದ್ರೂ ಬೇಕಲ್ಲ ಅಂತ."

ನಾನು ಅವರ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಬಡಿಸಿದೆ.

ಅವರು ಬಂದದ್ದು ಇದಕ್ಕೆ: ಹೊಸ ದುರ್ಬೀನು ಕೊಳ್ಳಬೇಕು. ಅಂಗಡಿಗೆ ಹೋದರೆ ಅವರಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹಳೆಯದನ್ನು ಆರಿಸಿದ್ದು ಹೆಂಡತಿ. ಅಟ್ಟಣೆಯ ಮೇಲೆ ಕೂತು ಬಲ್ಲ ಹೆಂಗಸು ಈ ಮನೆಯಲ್ಲಿ ಈಗ ಒಬ್ಬಳೇ. ಅವಳು ಬಂದು ನೋಡಿ ಹೇಳಬೇಕು.

"ಆಗಲ್ಲ ಅಂತ ಹೇಳ್ರೀ," ಎಂದೆ ನಗುತ್ತಲೇ, ಅವರಿಗೆ ತಿಳಿಯಬಾರದೆಂದು.

"ಹೇಗೆ ಹೇಳ್ಲಿ? ಎರಡು ವರ್ಷಕ್ಕೆ ಮೊದಲನೇ ಸಲ ಕೋಟು ಹಾಕ್ಕೊಂಡು ಮೆಟ್ಟಿಲು ಹತ್ತಿದಾರೆ," ಎಂದರು ಅಜ್ಜ, ಅವರೂ ನಗುತ್ತಲೇ. "ಯಾವುದೋ ಒಂದು ತೋರ್ಸಿ ಇದು ಚೆನ್ನಾಗಿದೆ ಅನ್ನು. ಸೀರೆ ಆರಿಸಲ್ವಾ ನೀನು?"

ಶನಿವಾರ ಎಂದು ಗೊತ್ತಾಯಿತು. ಶನಿವಾರ ಕಬ್ಬಿಣ ತರಬಾರದಲ್ಲ ಎಂದೆ. "ಅದು ಗಾಜು ಕಣೇ," ಎಂದರು. "ಒಳಗೆ ಸ್ಕ್ರೂ ಇರಲ್ವಾ?" ಎಂದೆ. ಅವರು ಎಂಜಿನಿಯರು, ಇಲ್ಲ ಅನ್ನಲಾಗಲಿಲ್ಲ. ಆದರೂ ಹೋದೆವು. ನಿಮ್ಮ ಅಮ್ಮನೂ ಬಂದಳು.

ಊರ ಹಳೆಯ ಭಾಗದಲ್ಲಿದ್ದ ಅಂಗಡಿ. ಹಸಿರು ಕೋಟಿನ ಅಂಗಡಿಯವನು ಗಾಜಿನ ಮೇಜಿನ ಮೇಲೆ ಬಟ್ಟೆ ಹಾಸಿ ಒಂದು ದುರ್ಬೀನು ಇಟ್ಟು, ಕೈಕಟ್ಟಿ ನಿಂತ. ಒಂದು! ನಮ್ಮ ಕಡೆ ಒಂದು ಸೀರೆ ತೋರಿಸಿ ಕೈಕಟ್ಟಿ ನಿಂತರೆ ಆ ಅಂಗಡಿ ಮಾರನೇ ದಿನ ಬಾಗಿಲು ಹಾಕಬೇಕಾಗುತ್ತದೆ. "ಇನ್ನೊಂದು ತೋರ್ಸೋಕೆ ಹೇಳ್ರೀ," ಎಂದೆ. ತೋರಿಸಿದ. ಅದನ್ನು ಪಕ್ಕಕ್ಕಿಟ್ಟು "ಇನ್ನೊಂದು" ಎಂದೆ. ನೋಡನೋಡುತ್ತಿದ್ದಂತೆ ಮೇಜು ತುಂಬಿತು. ಅವನ ಹಣೆಯಲ್ಲಿ ಬೆವರು. ಯಜಮಾನರ ಮುಖದಲ್ಲಿ ಮಾತ್ರ ಗೌರವ. ಅವರ ಹೆಂಡತಿಯೂ ಹೀಗೇ ಮಾಡಿದ್ದಳಂತೆ.

ಒಂದನ್ನು ಕಣ್ಣಿಗೆ ಹಿಡಿದೆ. ಅಂಗಡಿಯ ಆಚೆ ಗೋಡೆಯ ಗಡಿಯಾರ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಇನ್ನೊಂದರಲ್ಲೂ ಹಾಗೇ. ಮತ್ತೊಂದರಲ್ಲೂ ಹಾಗೇ. ಟ್ಯೂಬ್‌ಲೈಟಿನಲ್ಲಿ ಯಾವ ಸೀರೆಯೂ ಚೆಂದವೇ. ನಾವೇನು ಮಾಡುತ್ತೇವೆ? ಬಾಗಿಲಿಗೆ ತಂದು ಹೊರಗಿನ ಬೆಳಕಿನಲ್ಲಿ ಸೆರಗು ಹಿಡಿದು ನೋಡುತ್ತೇವೆ. ಯೋಚಿಸಲೂ ಇಲ್ಲ, ಒಂದೊಂದು ಕೈಯಲ್ಲಿ ಒಂದೊಂದು ದುರ್ಬೀನು ಹಿಡಿದು ಬಾಗಿಲು ತಳ್ಳಿ ಬೀದಿಗೆ ಬಂದುಬಿಟ್ಟೆ. ಅಂಗಡಿಯವನು ಮೇಜನ್ನು ಸುತ್ತಿಕೊಂಡು ನನ್ನ ಹಿಂದೆ ಓಡಿಬಂದ. ಅವನ ಹಿಂದೆ ಅಜ್ಜ. ಅಜ್ಜನ ಹಿಂದೆ ನಿಮ್ಮ ಅಮ್ಮ. "ಮಮ್ಮಾ! ಪೈನ್‌ಲಿಶ್! ಎಲ್ರೂ ನೋಡ್ತಿದಾರೆ!"

"ಕದ್ಕೊಂಡ್ ಹೋಗ್ತಿಲ್ಲ, ಬಣ್ಣ ನೋಡ್ತಿದೀನಿ ಅಂತ ಹೇಳ್ರೀ!"

ಅಜ್ಜ ಸೀರೆಯ ಪದ್ಧತಿಯನ್ನು ಬೀದಿಯಲ್ಲೇ ನಿಂತು ಜರ್ಮನ್‌ನಲ್ಲಿ ವಿವರಿಸಿದರು. ಅಂಗಡಿಯವನು ಒಳ್ಳೆಯವನು. ಕೇಳಿ ಮೊದಲು ಉಸಿರು ಬಿಟ್ಟ, ಆಮೇಲೆ ನಕ್ಕ. ಹೊರಗೆ ತಂದದ್ದೇನೋ ಸರಿ, ಹೊತ್ತು ಮಾತ್ರ ಸರಿಯಿಲ್ಲ ಎಂದ. ಬೇಟೆಯ ದುರ್ಬೀನನ್ನು ಬೆಳಕಿನಲ್ಲಿ ಅಲ್ಲ, ಬೆಳಕು ಹೋಗುವಾಗ ನೋಡಬೇಕಂತೆ.

ಒಳಗೆ ಬಂದು ಎರಡನ್ನು ಮಾತ್ರ ಉಳಿಸಿಕೊಂಡು ಉಳಿದವನ್ನೆಲ್ಲ ಎತ್ತಿಟ್ಟ. ಒಂದರ ಮೇಲೆ ಹತ್ತು, ನಲವತ್ತೆರಡು ಎಂದು ಬರೆದಿತ್ತು. ಇನ್ನೊಂದರ ಮೇಲೆ ಎಂಟು, ಐವತ್ತಾರು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತರದು ಹಗುರ, ನೋಡಲೂ ಚೆಂದ. ಎಂಟರದು ಎರಡು ಹಾಲಿನ ಕ್ಯಾನನ್ನು ಜೋಡಿಸಿ ಕಟ್ಟಿದ ಹಾಗಿತ್ತು.

"ಹತ್ತು ಎಂಟಕ್ಕಿಂತ ದೊಡ್ಡದು. ಮುಗಿಯಿತು," ಎಂದರು ಯಜಮಾನರು.

"ಕರೆಕ್ಟ್," ಎಂದರು ಅಜ್ಜ. ಎಂಜಿನಿಯರಲ್ಲವೇ, ದೊಡ್ಡ ನಂಬರು ಕಂಡರೆ ಪ್ರೀತಿ.

ಅಂಗಡಿಯವನು ಮೆಲ್ಲಗೆ ಹೇಳಿದ: ಹತ್ತು ಪಟ್ಟು ಹತ್ತಿರ ತಂದರೆ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ. ಅಗಲದ ಗಾಜಾದರೆ ಮಸಕು ಬೆಳಕನ್ನು ಹೆಚ್ಚು ಹಿಡಿಯುತ್ತದೆ. ಯಜಮಾನರಿಗೆ ಸಿಟ್ಟು ಬಂತು. ನನ್ನ ಕೈ ನಡುಗುವುದಿಲ್ಲ ಎಂದು ಮೇಜಿನ ಮೇಲೆ ಕೈಯಿಟ್ಟರು. ಅವರ ಮದುವೆಯುಂಗುರ ಗಾಜಿಗೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. ನಾವೆಲ್ಲ ಬೇರೆ ಕಡೆ ನೋಡಿದೆವು.

ಕೊನೆಗೆ ಅಂಗಡಿಯವನೇ ದಾರಿ ತೋರಿಸಿದ. ಯಜಮಾನರು ಹಳೆಯ ಗಿರಾಕಿ. ಎರಡನ್ನೂ ಸೋಮವಾರದವರೆಗೆ ಕೊಂಡೊಯ್ದು, ಅಟ್ಟಣೆಯ ಮೇಲೇ ನೋಡಿ, ಬೇಡವಾದದ್ದನ್ನು ತಂದುಕೊಡಿ ಎಂದ. ಸೀರೆ ಅಂಗಡಿಯವರು ಇದನ್ನು ಕಲಿತರೆ ಎಷ್ಟು ಚೆನ್ನ.

ಭಾನುವಾರ ಸಂಜೆ ಯಜಮಾನರ ಕಾರಿನಲ್ಲಿ ಕಾಡಿಗೆ ಹೊರಟೆವು. ನಿಮ್ಮ ಅಮ್ಮನನ್ನು ಮಂಗಳೂರಿನ ಹುಡುಗನ ಹತ್ತಿರ ಬಿಟ್ಟೆವು. ಕೋವಿ ಮನೆಯಲ್ಲೇ ಇತ್ತು. ಇವತ್ತು ಬರೀ ನೋಡುವುದು ಎಂದಿದ್ದರು. ಆ ಧೈರ್ಯದ ಮೇಲೇ ನಾನು ಹೊರಟದ್ದು. ಸೀರೆ ಮೇಲೆ ಅಜ್ಜನ ದಪ್ಪ ಜಾಕೆಟು, ತಲೆಗೆ ಉಣ್ಣೆಯ ಟೋಪಿ.

ಅಟ್ಟಣೆ ನಮ್ಮೂರಿನದಕ್ಕಿಂತ ಗಟ್ಟಿಯಾಗಿತ್ತು. ಏಣಿ, ಮೇಲೆ ಸಣ್ಣ ಮಾಡು, ಒಳಗೆ ಇಬ್ಬರಿಗಾಗುವ ಹಲಗೆ. ಅದರಲ್ಲಿ ಮೂವರು ಕೂತೆವು. ಒಂದು ಕೊನೆಗೆ ಯಜಮಾನರು, ನಡುವೆ ಅಜ್ಜ, ಈ ಕೊನೆಗೆ ನಾನು. ಎದುರಿಗೆ ಕಾಡಿನ ನಡುವೆ ಹುಲ್ಲಿನ ಬಯಲು. ಯಜಮಾನರು ತುಟಿಯ ಮೇಲೆ ಬೆರಳಿಟ್ಟರು. ಉಸಿರೂ ಸದ್ದು ಮಾಡಬಾರದು. ಅಜ್ಜನ ಹೊಟ್ಟೆ ಗುಡುಗುಡು ಎಂದದ್ದಕ್ಕೂ ಅವರು ತಿರುಗಿ ನೋಡಿದರು.

ಬೆಳಕು ಕರಗುತ್ತ ಬಂತು. ಅಜ್ಜನ ಕೈಯಲ್ಲಿ ಹತ್ತರದು, ನನ್ನ ಕೈಯಲ್ಲಿ ಎಂಟರದು. ಅವರು ಹತ್ತರದನ್ನು ಯಜಮಾನರಿಗೆ ಕೊಟ್ಟರು. ಯಜಮಾನರು ನೋಡಿ ವಾಪಸು ಕೊಟ್ಟರು. ಅಜ್ಜ ನನ್ನ ಕಿವಿಯಲ್ಲಿ, "ಏನೂ ಕಾಣಲ್ಲ ಮಾರಾಯ್ತಿ, ಡಿಕಾಕ್ಷನ್ ಒಳಗೆ ಇಣುಕಿದಂಗಿದೆ," ಎಂದರು.

ನಾನು ಎಂಟರದನ್ನು ಕಣ್ಣಿಗೆ ಹಿಡಿದೆ. ಬಯಲಿನ ಮೇಲೆ ಇನ್ನೂ ಸಂಜೆಯಾಗಿರಲೇ ಇಲ್ಲ! ಬರಿಗಣ್ಣಿಗೆ ಕಪ್ಪು ಮುದ್ದೆಯಾಗಿದ್ದ ಪೊದೆಯಲ್ಲಿ ಎಲೆ ಎಲೆ ಬೇರೆ ಬೇರೆ ಕಾಣುತ್ತಿತ್ತು. ಹುಲ್ಲಿನ ತುದಿಯ ಇಬ್ಬನಿ ಕಾಣುತ್ತಿತ್ತು. ಮೆಲ್ಲಗೆ ಪೊದೆಯುದ್ದಕ್ಕೂ ನೋಡುತ್ತ ಹೋದೆ. ಒಂದು ಎಲೆ ಅಲ್ಲಾಡಿತು. ಅದರ ಹಿಂದಿನಿಂದ ಒದ್ದೆ ಮೂತಿ ಹೊರಬಂತು. ಆಮೇಲೆ ಎರಡು ಸಣ್ಣ ಕಣ್ಣು, ನೆಟ್ಟಗೆ ನಿಂತ ಕೂದಲು. ಕಾಡುಹಂದಿ, ನನ್ನಿಂದ ಒಂದು ಗೇಣು ದೂರದಲ್ಲಿ, ನನ್ನನ್ನೇ ನೋಡುತ್ತ.

ಅದು ಯಾವ ದೇಶ, ನನಗೆ ವಯಸ್ಸೆಷ್ಟು, ಪಕ್ಕದಲ್ಲಿ ಯಾರಿದ್ದಾರೆ, ಎಲ್ಲ ಮರೆತುಹೋಯಿತು.

"ಹೋಓಓಓಯ್! ಹಂದೀ! ಬಂತ್ರೋ! ಹೊಡ್ಕೊಳ್ರೋ! ಹೋಓಓಯ್!"

ಕಾಲ ಬಳಿಯಿದ್ದ ಸ್ಟೀಲಿನ ಥರ್ಮಾಸು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಅದರಿಂದ ಮಾಡಿನ ತಗಡನ್ನು ಡಣಡಣ ಬಡಿಯುತ್ತಿದ್ದೆ. ಹಂದಿ ಓಡಿತು. ಅದರ ಹಿಂದೆ ನಾವು ಕಾಣದೇ ಇದ್ದ ಅದರ ಇಡೀ ಸಂಸಾರ ಓಡಿತು. ಬಯಲಿನ ಆಚೆ ದೊಡ್ಡ ದೊಡ್ಡ ಜಿಂಕೆಗಳು ಮುಳ್ಳುಪೊದೆ ಮುರಿದುಕೊಂಡು ಓಡಿದವು. ಗೂಬೆಯೊಂದು ನಮ್ಮ ತಲೆಯ ಮೇಲೇ ಹಾರಿಹೋಯಿತು. ಹಲಗೆಯಿಂದ ಜಾರುತ್ತಿದ್ದ ಅಜ್ಜ ಏಣಿಯನ್ನು ತಬ್ಬಿಕೊಂಡು, "ಸಾಕು ಕಣೇ, ಸಾಕು! ಇದು ನಿಮ್ಮಪ್ಪನ ಹೊಲ ಅಲ್ಲ!" ಅನ್ನುತ್ತಿದ್ದರು.

ಆಮೇಲೆ ಕಾಡು ಸ್ತಬ್ಧವಾಯಿತು. ನಾನು ಥರ್ಮಾಸನ್ನು ಮೆಲ್ಲಗೆ ಕೆಳಗಿಟ್ಟೆ.

ಯಜಮಾನರು ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದರು. ಭುಜ ಅಲ್ಲಾಡುತ್ತಿತ್ತು. "ಅಯ್ಯೋ ಶಿವನೇ, ಅಳಿಸಿಬಿಟ್ಟೆನಲ್ರೀ," ಎಂದೆ. ಅವರು ಕೈ ತೆಗೆದರು. ಅಳುತ್ತಿರಲಿಲ್ಲ. ಉಸಿರು ಸಿಗದಷ್ಟು ನಗುತ್ತಿದ್ದರು. ಕಣ್ಣೀರು ಮೀಸೆಗೆ ಇಳಿದಿತ್ತು. ಅಜ್ಜ ಆಗ ಆ ಹಳೆಯ ಡೀಟೇಲನ್ನು ತೊದಲುತ್ತ ಹೇಳಿದರು: ಇವಳ ಊರಲ್ಲಿ ಅಟ್ಟಣೆ ಇರುವುದು ಕೊಲ್ಲಲು ಅಲ್ಲ, ಕೂಗಲು. ಅದನ್ನು ಕೇಳಿ ಯಜಮಾನರು ಇನ್ನೊಂದು ಸುತ್ತು ನಕ್ಕರು.

ನಗು ನಿಂತ ಮೇಲೆ ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡು, ಕತ್ತಲಾದ ಬಯಲನ್ನು ಬಹಳ ಹೊತ್ತು ನೋಡಿದರು. "ಯಾವುದು ಇವರನ್ನು ಕೂಗಿಸಿತೋ ಅದನ್ನೇ ಕೊಳ್ಳುತ್ತೇನೆ," ಎಂದರು.

ಹೀಗೆ ದುರ್ಬೀನು ಆಯ್ಕೆಯಾಯಿತು. ಕೆಲಸ ಮಾತ್ರ ಅರ್ಧವೇ ಆಗಿತ್ತು. ಇಳಿದು ಬರುವಾಗ, ಬೇಟೆಯ ದಿನ ಹೆಂಡತಿಯ ಜಾಗದಲ್ಲಿ ಕೂತು ಕವಲು ಎಣಿಸಿಕೊಡುತ್ತೀರಾ ಎಂದು ಅವರು ಕೇಳಿದರು. ಅಜ್ಜ ಬಾಯಿ ತೆರೆಯುವ ಮೊದಲೇ ನಾನು "ನೈನ್", ಆಗಲ್ಲ, ಎಂದೆ. ಅವರೊಡನೆ ನಾನಾಗಿಯೇ ಆಡಿದ ಮೊದಲ ಜರ್ಮನ್ ಮಾತು. ಒರಟಾಯಿತೇನೋ ಅನ್ನಿಸಿ ಕೈಮುಗಿದು ಉಳಿದದ್ದನ್ನು ಅಜ್ಜನ ಕೈಲಿ ಹೇಳಿಸಿದೆ: "ನಾನು ಕೂತ್ರೆ ಕೂಗ್ತೀನಿ. ಜಿಂಕೆ ಕಂಡ್ರೆ ಓಡು ಅಂತ್ಲೇ ಬಾಯಿಗೆ ಬರೋದು. ತಪ್ಪು ತಿಳ್ಕೋಬೇಡಿ."

ಅವರು ತಪ್ಪು ತಿಳಿಯಲಿಲ್ಲ. ಮನೆ ಮುಟ್ಟಿದಾಗ, ಹಾಗಾದರೆ ನಾನೇ ನೋಡಲು ಕಲಿಯಬೇಕು ಎಂದರಂತೆ. ಬೇಟೆಗೆ ಹನ್ನೆರಡು ದಿನ ಇತ್ತು.

ಕಲಿಸಿದ್ದು ಹೇಗೆ ಗೊತ್ತೇ? ನಿಮ್ಮ ಅಜ್ಜನನ್ನು ಜಿಂಕೆ ಮಾಡಿ. ಮನೆಯ ಹಿಂದೆ ಹುಲ್ಲುಗಾವಲು, ಅದರಾಚೆ ಮರಗಳ ಸಾಲು. ಆಫೀಸಿನಿಂದ ಬಂದ ಮೇಲೆ, ಬೆಳಕು ಹೋಗುವ ಹೊತ್ತಿಗೆ, ಅಜ್ಜ ಆ ಮರಗಳ ಬುಡದಲ್ಲಿ ನಿಲ್ಲುವುದು. ಮಂಗಳೂರಿನ ಹುಡುಗ ಅವರ ತಲೆಗೆ ನನ್ನ ಹಳೆಯ ಟವೆಲ್ಲಿನಲ್ಲಿ ಒಣ ಕೊಂಬೆ ಕಟ್ಟುವುದು. ದಿನಕ್ಕೊಂದು ಕೋಡು, ಕವಲು ಎಷ್ಟೆಂಬುದು ಅವನಿಗೆ ಮಾತ್ರ ಗೊತ್ತು. ಯಜಮಾನರು ನಮ್ಮ ಬಾಲ್ಕನಿಯಲ್ಲಿ ಕೂತು ದುರ್ಬೀನಿನಲ್ಲಿ ಎಣಿಸುವುದು.

ಹುಡುಗನ ಕೂಗು ನಮ್ಮವರೆಗೂ ಕೇಳುತ್ತಿತ್ತು. "ಸಾರ್, ತಲೆ ಸ್ವಲ್ಪ ಈಚೆ ತಿರುಗ್ಸಿ ಮಾರಾಯ್ರೆ! ಗಂಡು ಜಿಂಕೆ ಹೀಗೆ ನಾಚಿಕೊಳ್ಳುದುಂಟಾ?"

"ಕತ್ತು ನೋಯ್ತಿದೆ ಕಣೋ! ಬೇಗ ಎಣಿಸೋಕೆ ಹೇಳು!"

"ಜಿಂಕೆ ಕನ್ನಡ ಮಾತಾಡ್ಬಾರ್ದು ಸಾರ್. ಹುಲ್ಲು ತಿನ್ನುವ ಹಾಗೆ ಮಾಡಿ!"

ನಾಯಿಯೊಡನೆ ವಾಕಿಂಗ್ ಬಂದ ಹೆಂಗಸೊಬ್ಬಳು ನಿಂತು ಇದೇನೆಂದು ಕೇಳಿದಳಂತೆ. ಅಜ್ಜ ಕೊಂಬೆ ಹೊತ್ತ ತಲೆಯನ್ನು ಬಾಗಿಸಿ, ನಾನು ಜಿಂಕೆ ಎಂದು ಶುದ್ಧ ಜರ್ಮನ್‌ನಲ್ಲಿ ಉತ್ತರಿಸಿದರು. ಅವಳು ಒಳ್ಳೆಯ ಸಂಜೆಯಾಗಲಿ ಎಂದು ಹಾರೈಸಿ ಹೋದಳು. ನಾಯಿ ಮಾತ್ರ ಒಪ್ಪಲಿಲ್ಲ.

ಮೊದಲ ದಿನ ಎಂಟು ಕವಲಿದ್ದುದನ್ನು ಯಜಮಾನರು ಆರು ಎಂದರು. ಎರಡನೇ ದಿನ ಹತ್ತಿದ್ದುದನ್ನು ಏಳು. ಮೂರನೇ ದಿನ ದುರ್ಬೀನನ್ನು ಮೇಜಿನ ಮೇಲಿಟ್ಟು, ಹಲ್ಲಿನ ಡಾಕ್ಟರಿಗೇ ಹೋಗಲಿ ಬಿಡಿ ಎಂದರು. ಕೈ ನಡುಗುತ್ತಿತ್ತು. ಭಾರವಾದ ಗಾಜು, ಅದರ ಜೊತೆ ಕಣ್ಣಿನೊಳಗಿನ ಜಿಂಕೆಯೂ ಕುಣಿಯುತ್ತಿತ್ತು. ನಾನು ಒಳಗಿನಿಂದ ತಲೆದಿಂಬು ತಂದು ಬಾಲ್ಕನಿಯ ಕಟಾಂಜನದ ಮೇಲಿಟ್ಟೆ. ದುರ್ಬೀನನ್ನು ಅದರ ಮೇಲೆ ಕೂಸಿನ ಹಾಗೆ ಮಲಗಿಸಿದೆ. ಅವರು ಬಗ್ಗಿ ನೋಡಿದರು. ಬಹಳ ಹೊತ್ತಾಯಿತು. ದೂರದಲ್ಲಿ ಅಜ್ಜ "ಸತ್ತೇ ಹೋದೆ!" ಎಂದು ಕೂಗಿದರು. ಯಜಮಾನರು ಕದಲಲಿಲ್ಲ. ಕೊನೆಗೆ "ಒಂಬತ್ತು" ಎಂದರು.

ಒಂಬತ್ತೇ ಇತ್ತು. ಹುಡುಗ ಹುಲ್ಲಿನ ಮೇಲೆ ಲಾಗ ಹಾಕಿದ.

ಬೇಟೆಯ ಸಂಜೆ ಅವರು ಹಸಿರು ಟೋಪಿ ಹಾಕಿ, ಕೋವಿ, ದುರ್ಬೀನು, ನನ್ನ ತಲೆದಿಂಬು ಮೂರನ್ನೂ ಕಾರಿಗೆ ಹಾಕಿಕೊಂಡು ಒಬ್ಬರೇ ಹೋದರು. ನಾನು ಮಾದಪ್ಪನ ಪಟದ ಮುಂದೆ ನಿಂತೆ. ಏನೆಂದು ಬೇಡಲಿ? ಇವರಿಗೆ ಜಿಂಕೆ ಸಿಗಲಿ ಅಂದರೆ ಅದು ಸಾಯಲಿ ಎಂದ ಹಾಗೆ. ಜಿಂಕೆ ಉಳಿಯಲಿ ಅಂದರೆ ಇವರ ಅಟ್ಟಣೆ ಹೋಗಲಿ ಎಂದ ಹಾಗೆ. ಎರಡು ಊದುಬತ್ತಿ ಹಚ್ಚಿದೆ, ಅವರಿಗೊಂದು, ಜಿಂಕೆಗೊಂದು. ಹುಲಿಯನ್ನೇ ಏರಿ ಕೂತ ದೇವರು, ಅವನಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ ಎಂದು ಅವನ ಮೇಲೆ ಬಿಟ್ಟೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ಭಾರವಾದ ಬೂಟಿನ ಸದ್ದು ಕೇಳಿ ಬಾಗಿಲು ತೆಗೆದೆವು. ಟೋಪಿಯಲ್ಲಿ ಹಸಿರು ಚಿಗುರು ಸಿಕ್ಕಿಸಿತ್ತು. ಬೇಟೆ ಸರಿಯಾಗಿ ಆಯಿತು ಅನ್ನುವುದಕ್ಕೆ ಬಳಗದವರು ಸಿಕ್ಕಿಸುವ ಗುರುತು ಅದು ಎಂದು ಅಜ್ಜ ಹೇಳಿದರು. ಯಜಮಾನರು ಕೂರಲೂ ಇಲ್ಲ, ನಿಂತೇ ಹೇಳಿದರು. ಮೊದಲು ಬಂದ ಜಿಂಕೆ ಭಾರೀ ಚೆಂದದ್ದಂತೆ. ಎಣಿಸಿದರು, ಲೆಕ್ಕಕ್ಕೆ ಸೇರಲಿಲ್ಲ. ತಮ್ಮ ಮೊಣಕಾಲನ್ನು ತಾವೇ ಒತ್ತಿ ಹಿಡಿದು ಕೂತರಂತೆ, ಅದು ಹೋಗುವವರೆಗೆ. ಇನ್ನೇನು ಬೆಳಕು ಪೂರ್ತಿ ಹೋಯಿತು ಅನ್ನುವಾಗ ಎರಡನೆಯದು ಬಂತು. ಒಂದು ಸಲ ಎಣಿಸಿದರು. ಮತ್ತೊಂದು ಸಲ ಎಣಿಸಿದರು.

"ಆಮೇಲೆ ನನ್ನ ಮೊಣಕಾಲನ್ನು ನಾನೇ ತಟ್ಟಿಕೊಂಡೆ," ಎಂದರು.

ಅಟ್ಟಣೆ ಅವರಿಗೇ ಉಳಿಯಿತು. ಹಲ್ಲಿನ ಡಾಕ್ಟರು ಕಾಯಬೇಕಾಯಿತು.

ಕೃತಜ್ಞತೆಗೆಂದು ಅವರು ತಂದದ್ದೇನು ಅಂದುಕೊಂಡಿರಿ? ಆ ಜಿಂಕೆಯ ಹಿಂದಿನ ತೊಡೆ. ಹಸಿರು ಕಾಗದದಲ್ಲಿ ಸುತ್ತಿ, ಮಗುವನ್ನು ಕೊಡುವಂತೆ ಎರಡೂ ಕೈಯಿಂದ ನನ್ನ ಕೈಗಿಟ್ಟರು. ಮೊಟ್ಟೆಯೂ ಕಾಣದ ನಮ್ಮ ಮನೆಗೆ! ಬೇಡ ಅನ್ನಲು ಆ ಮುಖ ನೋಡಿದರೆ ಬಾಯಿ ಬರಲಿಲ್ಲ. "ಡಾಂಕೆ" ಎಂದು ಥ್ಯಾಂಕ್ಸ್ ಹೇಳಿ ತೆಗೆದುಕೊಂಡು, ಕಣ್ಣು ಮುಚ್ಚಿಕೊಂಡೇ ಮೇಲಿನ ಅಂತಸ್ತಿಗೆ ಹತ್ತಿದೆ. ಮಂಗಳೂರಿನ ಹುಡುಗ ಕಾಗದ ಬಿಡಿಸಿ ನೋಡಿ ಶಿಲುಬೆ ಎಳೆದುಕೊಂಡ. "ಅಕ್ಕಾ, ನೀವು ಇನ್ನೂ ದಿನಾ ಕಾಡಿಗೆ ಹೋಗ್ಬೇಕು ಮಾರಾಯ್ರೆ!"

ಅವನು ಊರಿನ ಮೆಣಸು ಅರೆದು ಅದನ್ನು ಮಾಡಿ ಯಜಮಾನರನ್ನು ಕರೆದ. ಎರಡು ತುತ್ತಿಗೆ ಅವರ ಮುಖ ಟೊಮೆಟೊ ಆಯಿತಂತೆ. ಹುಡುಗ ಓಡಿಬಂದು ನನ್ನಿಂದ ಮೊಸರನ್ನ ಒಯ್ದ. ಬೇಟೆಯ ಊಟದಲ್ಲಿ ಎಲ್ಲಕ್ಕಿಂತ ರುಚಿ ಆ ಬಿಳಿಯ ಅನ್ನ ಎಂದು ಅವರು ಬಳಗದವರಿಗೆಲ್ಲ ಹೇಳಿಕೊಂಡು ಬಂದರು. ಇಷ್ಟೆಲ್ಲ ಆದರೂ, ಒಂದರಿಂದ ಮೂರರವರೆಗೆ ಮಿಕ್ಸಿ ಮಾತ್ರ ಕೊನೆಯವರೆಗೂ ಕೂಡದು.

ಕೆಲವು ವರ್ಷ ಅವರು ಹಾಗೇ ಹೋಗಿಬಂದರು. ಒಂದು ಶರತ್ಕಾಲದಲ್ಲಿ ಹಸಿರು ಟೋಪಿ ಇಲ್ಲದೆ ಮೆಟ್ಟಿಲು ಹತ್ತಿ ಬಂದರು. ಕಣ್ಣಿಗೆ ಪೊರೆ ಬಂದಿದೆ, ದಿಂಬಿನ ಮೇಲಿಟ್ಟರೂ ಕವಲು ಒಂದರೊಳಗೊಂದು ಸೇರಿಹೋಗುತ್ತದೆ, ಅಟ್ಟಣೆಯನ್ನು ನಾನೇ ಆ ಹಲ್ಲಿನ ಡಾಕ್ಟರಿಗೆ ತೋರಿಸಿ ಕೊಟ್ಟು ಬಂದೆ ಎಂದರು. ಹೆಂಡತಿ ಮೊಳೆ ಹೊಡೆದ ಹಲಗೆ ಬದಲಿಸಬಾರದೆಂದು ಮಾತು ತೆಗೆದುಕೊಂಡರಂತೆ. ತಲೆದಿಂಬನ್ನೂ ದುರ್ಬೀನನ್ನೂ ನನ್ನ ಕೈಗೆ ಕೊಟ್ಟರು. ಈ ಸಲ ಅಜ್ಜನ ಅನುವಾದ ಬೇಕಾಗಲಿಲ್ಲ, ಅಷ್ಟರಲ್ಲಿ ನನಗೆ ಜರ್ಮನ್ ಬರುತ್ತಿತ್ತು. "ಇದು ನಿಮ್ಮ ಕೂಗಿಗೆ ಸೇರಿದ್ದು," ಎಂದರು.

ಇನ್ನು ನಿಮಗೆ ಎರಡು ಮಾತು. ಗಾಜನ್ನು ಟೀ ಶರ್ಟಿನಿಂದ ಒರೆಸಬೇಡಿ, ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯಿದೆ. ಭಾರ ಅನ್ನಿಸಿದರೆ ದಿಂಬು ಇಟ್ಟುಕೊಳ್ಳಿ, ನಾಚಿಕೆಯಿಲ್ಲ.

ನಿಮ್ಮ ಅಜ್ಜ ಇದ್ದಾಗ ನಾವಿಬ್ಬರೂ ಸಂಜೆ ಬಾಲ್ಕನಿಯಲ್ಲಿ ಕೂತು ಇದರಲ್ಲಿ ನೋಡುತ್ತಿದ್ದೆವು. ಅವರಿಗೆ ನೋಡುವ ತಾಳ್ಮೆ ಇರಲಿಲ್ಲ. ಪಕ್ಕದಲ್ಲಿ ಕೂತು ಏನು ಕಾಣ್ತು, ಏನು ಕಾಣ್ತು ಎಂದು ಕೇಳುತ್ತಿದ್ದರು. ಏನಾದರೂ ಕಂಡರೆ ನಾನು ಅವರ ಮೊಣಕಾಲು ತಟ್ಟಿ ದುರ್ಬೀನು ಕೊಡುತ್ತಿದ್ದೆ. ಈಗಲೂ ಗಾಜಿನಿಂದ ಕಣ್ಣು ತೆಗೆಯದೆಯೇ ಎಡಗೈ ಪಕ್ಕದ ಕುರ್ಚಿಗೆ ಹೋಗುತ್ತದೆ. ನಿನ್ನೆ ಸಂಜೆ ಅಲ್ಲಿ ಒಂದು ಮೊಣಕಾಲು ಸಿಕ್ಕಿತು, ಸಣ್ಣದು, ತರಚಿದ ಗಾಯದ್ದು. ತಟ್ಟಿದೆ.

"ಏನಜ್ಜಿ?" ಎಂದ ಚಿಕ್ಕವನು.

"ಶ್! ಆ ಕಾಗೆ ಮತ್ತೆ ಬಂದಿದೆ," ಎಂದೆ. "ಈ ಸಲ ನೀನು ಕೂಗು."